ಗೇಟಿನಿಂದ ಒಂದು ಗೇಣು

ಮಾವ ನಿವೃತ್ತರಾದದ್ದು ಲೈಸೆನ್ಸ್ ಕಚೇರಿಯಿಂದ ಮಾತ್ರ, ಜನರನ್ನು ಫೇಲ್ ಮಾಡುವ ಚಟದಿಂದಲ್ಲ. ಊರಿನ ಅರ್ಧ ಜನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿ ಬೆವರಿದವರು. ಈಗ ಅವರ ಕೈಗೆ ಸಿಗುತ್ತಿದ್ದವಳು ಸೊಸೆಯೊಬ್ಬಳೇ.

ಸೊಸೆ ಮನೆಮನೆಗೆ ಹೋಗಿ ಬಿದ್ದವರ ಸೊಂಟಕ್ಕೆ, ಮುರಿದುಕೊಂಡವರ ಮಂಡಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಕಾರಿಲ್ಲದೆ ಆ ಕೆಲಸವಿಲ್ಲ, ಕಾರು ಮಾವನದು. ಗಂಡ ಹಡಗಿನಲ್ಲಿ ಎಂಜಿನಿಯರ್. ಫೋನಿಗೆ ಸಿಕ್ಕಾಗಲೆಲ್ಲ “ಅಪ್ಪ ಹೇಳ್ದಂಗೆ ಕೇಳು, ಸುಮ್ನೆ ಯಾಕೆ ರಗಳೆ” ಎನ್ನುವ ಸಾಧುಪ್ರಾಣಿ.

ಮಳೆ ಶುರುವಾದ ಮೇಲೆ ಸೊಸೆಯೊಬ್ಬಳೇ ಓಡಿಸುತ್ತಿದ್ದ ಕಾರಿಗೆ ಒಂದು ರೋಗ ಹತ್ತಿತ್ತು. ಒದ್ದೆ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೂ ಪೆಡಲ್ ಪಾದದಡಿ ಕಟಕಟ ನಡುಗುತ್ತಿತ್ತು. ಇನ್ನೇನು ನಿಂತಿತು ಎನ್ನುವಾಗ ಕಾರು ಒಂದೆರಡು ಮಾರು ಮುಂದೆ ಹೋಗಿಬಿಡುತ್ತಿತ್ತು. ಅದಕ್ಕೇ ಅವಳು ಗೇಟಿಗಿಂತ ಬಹಳ ಹಿಂದೆಯೇ ನಿಲ್ಲಿಸುತ್ತಿದ್ದಳು.

ಮಾವನಿಗೆ ಅದು ಮೈಯುರಿ. ಆ ಮನೆಯಲ್ಲಿ ಕಾರು ಬರುವುದಕ್ಕೂ ಒಂದು ಶಿಸ್ತಿತ್ತು. ಹಾರ್ನ್ ಕೇಳಿದೊಡನೆ ಅತ್ತೆ ಹೊರಗೆ ಬಂದು, ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಬೇಕು. ಕಾರು ಅವರಿಂದ ಒಂದು ಗೇಣು ದೂರದಲ್ಲಿ ನಿಲ್ಲಬೇಕು. ಆಮೇಲೆ ಗೇಟು ತೆಗೆಯಬೇಕು. ಮದುವೆಯಾದಾಗಿನಿಂದ ಮಾವ ಹಾಗೆಯೇ ನಿಲ್ಲಿಸಿದವರು. ಅತ್ತೆ ಒಮ್ಮೆಯೂ ಪಕ್ಕಕ್ಕೆ ಸರಿದವರಲ್ಲ. ಸರಿದಿದ್ದರೆ ಗಂಡನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತಿತ್ತು.

“ಗಾಡೀಲೇನೂ ಇಲ್ಲ. ನಿನ್ನ ಕಾಲೇ ನಡುಗೋದು,” ಎಂದರು ಮಾವ. “ಮೆಕ್ಯಾನಿಕ್ ಹತ್ರಾನೇ ಕೇಳೋಣ ನಡಿ. ಅವನೂ ಇದನ್ನೇ ಹೇಳಿದ್ರೆ ಕೀ ನನ್ನ ಜೇಬಲ್ಲಿ.”

ಅತ್ತೆ ನಕ್ಕರು. ಮಾವ ಯಾರನ್ನಾದರೂ ಹಂಗಿಸಿದಾಗ ನಗುವುದು ಅವರಿಗೆ ರೂಢಿಯಾಗಿತ್ತು. ಬೇರೆಯವರ ಸರದಿ ನಡೆಯುವಷ್ಟು ಹೊತ್ತು ತಮ್ಮ ಸರದಿ ಇಲ್ಲವಲ್ಲ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮೊದಲು ಸ್ಕ್ಯಾನರ್ ಹಚ್ಚಿ ನೋಡಿದ. ಏನೂ ತೋರಿಸಲಿಲ್ಲ. ಒಣ ಅಂಗಳದಲ್ಲಿ ಓಡಿಸಿದ, ಕಾರು ಹೇಳಿದಲ್ಲಿ ನಿಂತಿತು. ಮಾವ ಮೀಸೆಯಲ್ಲೇ ನಕ್ಕು, ಯಾರೋ ಹಳೆಯ ಪರಿಚಯದವರು ಸಿಕ್ಕರೆಂದು ರಸ್ತೆಯ ಕಡೆ ಹೋದರು.

“ಸ್ವಲ್ಪ ನೀರು ಬಿಟ್ಟು ನೋಡ್ತೀರಾ?” ಎಂದಳು ಸೊಸೆ.

ಪೈಪು ಹಿಡಿದು ಅಂಗಳವನ್ನೆಲ್ಲ ತೋಯಿಸಿ ಮತ್ತೆ ಓಡಿಸಿದ. ಕಟಕಟ. ಕಾರು ಜಾರಿ, ಟೈರುಗಳ ರಾಶಿಗೆ ಮೂತಿ ತಾಗಿಸಿ ನಿಂತಿತು. ಅವನು ಮುಂದಿನ ಚಕ್ರ ಬಿಚ್ಚಿ, ಟಾರ್ಚ್ ಹಾಕಿ ಅವಳನ್ನು ಕರೆದ.

“ಇಲ್ನೋಡಿ ಮೇಡಂ. ಇದು ಚಕ್ರದ ಸ್ಪೀಡ್ ನೋಡೋ ಸೆನ್ಸರ್. ಅಡೀಲಿ ತುಕ್ಕು ಕಟ್ಟಿ ಮೇಲಕ್ಕೆದ್ದಿದೆ. ನೀರು ತಾಗಿದ್ರೆ, ಚಕ್ರ ತಿರುಗ್ತಾ ಇದ್ರೂ ನಿಂತೋಯ್ತು ಅಂತ ಸುಳ್ಳು ಹೇಳುತ್ತೆ. ಬ್ರೇಕ್ ನೋಡ್ಕೊಳ್ಳೋ ಎಬಿಎಸ್ ಅದನ್ನ ನಂಬಿ, ಚಕ್ರ ಜಾರ್ತಿದೆ ಅಂದ್ಕೊಂಡು ಬ್ರೇಕ್ ಸಡಿಲ ಬಿಡುತ್ತೆ. ತುಕ್ಕು ಉಜ್ಜಿ ಕೂರ್ಸಿದ್ರೆ ಆಯ್ತು.”

ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. “ಇದನ್ನೇ ಮಾವನಿಗೂ ಹೇಳಿ,” ಎಂದಳು.

ಮಾವ ಬಂದರು. ಬಿಚ್ಚಿದ ಚಕ್ರ ನೋಡಿದರು, ಅವಳ ಮುಖ ನೋಡಿದರು. ವಿಷಯ ತಿಳಿಯಿತು.

“ಯೋಚನೆ ಮಾಡಿ ಹೇಳಪ್ಪ,” ಎಂದರು ಮೆಕ್ಯಾನಿಕ್‌ಗೆ. “ನಿನ್ನ ಗಾಡಿಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡೋ ಅಧಿಕಾರಿ ಈಗ್ಲೂ ನಂಗೆ ಸರ್ ಅಂತಾನೆ. ದೋಷ ಗಾಡೀದೋ, ಕಾಲಿಂದೋ?”

ಮೆಕ್ಯಾನಿಕ್ ಕೈಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಒರೆಸಿದ.

“ಗಾಡೀಲೇನೂ ಇಲ್ಲ ಸರ್.”

ಚಕ್ರವನ್ನು ಇದ್ದಂತೆಯೇ ಹಾಕಿಸಿ, ಕೊನೆಯ ನಟ್ಟು ಬಿಗಿಯುವವರೆಗೂ ಮಾವ ತಲೆಯ ಮೇಲೆಯೇ ನಿಂತಿದ್ದರು. ಸಂಜೆ ಸೊಸೆ ತನ್ನ ರೋಗಿಗಳಿಗೆಲ್ಲ ಫೋನು ಮಾಡಿ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಳು.

ಆ ವಾರವೇ ಒಂದು ದಿನ, ಇನ್ನೇನು ಮನೆ ತಲುಪಬೇಕು ಎನ್ನುವಾಗ ಜೋರು ಮಳೆ ಹಿಡಿಯಿತು. ಮಾರ್ಕೆಟ್ಟಿನಿಂದ ಬರುತ್ತಿದ್ದ ಕಾರನ್ನು ಮಾವನೇ ಓಡಿಸುತ್ತಿದ್ದರು, ಸೊಸೆ ಪಕ್ಕದಲ್ಲಿದ್ದಳು. ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆದರು. ಅತ್ತೆ ಕೊಡೆ ಹಿಡಿದು ಬಂದು ಗೇಟಿಗೆ ಬೆನ್ನು ಕೊಟ್ಟು ನಿಂತರು.

“ಮಾವ, ಇವತ್ತೊಂದಿನ ಹಿಂದೆ ನಿಲ್ಸಿ. ನಿಮ್ಮ ದಮ್ಮಯ್ಯ.”

“ನೋಡಿ ಕಲಿ,” ಎಂದು ಮಾವ ತಮ್ಮ ಲೆಕ್ಕದಂತೆ ಬ್ರೇಕ್ ಒತ್ತಿದರು.

ಕಟಕಟ. ಅವರ ಬಾಯಿ ತೆರೆದುಕೊಂಡಿತು. ಅತ್ತೆ ಗಾಜಿನೊಳಗಿದ್ದ ಗಂಡನ ಮುಖವನ್ನೇ ನೋಡುತ್ತಿದ್ದರು, ಸರಿಯಲಿಲ್ಲ. ಬಂಪರ್ ಅವರ ಮಂಡಿಯನ್ನು ಗೇಟಿಗೆ ಒತ್ತಿ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು, ಗಾಡಿ ಓಡಿಸುತ್ತಿದ್ದವರು ಯಾರು ಎಂದು ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಸ್ಟ್ರೆಚರಿನ ಮೇಲಿನಿಂದ ಅತ್ತೆ, “ಸೊಸೆ,” ಎಂದರು. ಅಷ್ಟು ನೋವಿನಲ್ಲೂ ಸ್ಪಷ್ಟವಾಗಿ ಹೇಳಿದರು. ಮಾವ ಇಲ್ಲವೆನ್ನಲಿಲ್ಲ. ಸೊಸೆ ನಿಜ ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಡಗಿನಿಂದ ಗಂಡ ಕೇಳಿದ, “ಕಾಲು ನಡುಗುತ್ತೆ ಅಂತ ಅಪ್ಪ ಮೊದಲೇ ಹೇಳಿರ್ಲಿಲ್ವಾ?”

ಆಪರೇಷನ್ ಆಯಿತು. ಇನ್ನು ದಿನವೂ ಮಂಡಿ ಮಡಚಿಸಬೇಕು, ಇಲ್ಲದಿದ್ದರೆ ಕಾಲು ಕೊರಡಾಗುತ್ತದೆ ಎಂದರು ಡಾಕ್ಟರು. “ಹೊರಗಿನೋರು ಯಾಕೆ, ಮನೇಲೇ ಬಿದ್ದಿದಾಳಲ್ಲ,” ಎಂದರು ಮಾವ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಸೊಸೆ ಮಂಚದ ತುದಿಯಲ್ಲಿ ಕುಳಿತು, ಅತ್ತೆಯ ಹಿಮ್ಮಡಿ ಹಿಡಿದು ಮಂಡಿ ಮಡಚಿದಳು. ಡಾಕ್ಟರು ಹೇಳಿದ್ದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚು ಮಡಚಲಿಲ್ಲ. ಅಷ್ಟಕ್ಕೇ ಅತ್ತೆ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಒರಲಿದರು. ಕಾಲು ಅವಳ ಕೈಯಲ್ಲಿ ಗಡಗಡ ನಡುಗಿತು.

“ಸಾಕು ಕಣೇ, ನಿಲ್ಸು! ಮೂಳೇನೇ ಸರಿ ಕೂತಿಲ್ಲ ಅನ್ಸುತ್ತೆ.”

ಸೊಸೆ ಕೈ ಸಡಿಲಿಸಲಿಲ್ಲ.

“ಮೂಳೇಲೇನೂ ಇಲ್ಲ ಅತ್ತೆ. ನಿಮ್ಮ ಕಾಲೇ ನಡುಗೋದು,” ಎಂದಳು. ಅತ್ತೆಯ ಮುಖವನ್ನೇ ನೋಡಿದಳು. “ಯಾಕತ್ತೆ, ನಗಲ್ವಾ?”

ಅತ್ತೆ ಕಣ್ಣೀರು ಸುರಿಸುತ್ತ ಗಂಡನ ಕಡೆ ನೋಡಿದರು. ಬಾಗಿಲ ಬಳಿ ಕುಳಿತಿದ್ದ ಮಾವ ಪೇಪರನ್ನು ಮುಖದವರೆಗೆ ಎತ್ತಿಕೊಂಡರು. ಸೊಸೆ ಮತ್ತೆ ಹಿಮ್ಮಡಿಗೆ ಕೈ ಹಾಕಿದಳು.

ಅತ್ತೆ ನಕ್ಕರು.