ಬಿಸಿಲಿಗೆ ಹರವಿದ ಚುಟ್ಟಾ

ಹನ್ನೊಂದಕ್ಕೆ ಬರುತ್ತೇನೆಂದು ಹಜರತಅಲಿಯವರು ಬರೆದಿದ್ದರು. ಒಂಬತ್ತಕ್ಕೆ ನಾನು ಟ್ರಂಕು ತೆಗೆದರೆ ಅಜ್ಜನ ಸಿಗಾರಿನ ಪೆಟ್ಟಿಗೆ ಖಾಲಿ.

ಅಜ್ಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ. ಮುಂಬಯಿಯ ವ್ಯಾಪಾರಿಯೊಬ್ಬ ಅವನಿಗೆ ಎಂದೋ ಕೊಟ್ಟದ್ದು ಈ ಇಪ್ಪತ್ತೈದು ಕ್ಯೂಬಾ ಸಿಗಾರು. ಅಜ್ಜ ಎಲೆ ಅಡಿಕೆಯವನು. ಒಂದನ್ನೂ ಸೇದದೆ ತೀರಿಕೊಂಡ. ಹೋದ ತಿಂಗಳು, ೨೦೦೬ರ ಏಪ್ರಿಲ್‌ನಲ್ಲಿ, ಹಾವೇರಿಯ ಸೈಬರ್ ಕೆಫೆಯಲ್ಲಿ ಪೆಟ್ಟಿಗೆಯ ಮೇಲಿನ ಹೆಸರು ಹಾಕಿ ನೋಡಿದೆ. ಆ ನಮೂನೆ ತಯಾರಾಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಉಳಿದವನ್ನು ಕೂಡಿಡುವವರು ಲೋಕವೆಲ್ಲ ಹುಡುಕುತ್ತಿದ್ದರು. ಅಂಥವರೊಬ್ಬರು ರಾಣೆಬೆನ್ನೂರಿನಲ್ಲೇ ಇದ್ದರು, ಬೀಜದ ವ್ಯಾಪಾರಿ ಹಜರತಅಲಿ. ಅವರ ವಿಷಯ ಪೇಪರಿನಲ್ಲಿ ಓದಿದ್ದ ನಾನು ಕಾಗದ ಬರೆದೆ. ಮೇಲೆ ಬೆಳ್ಳಗೆ ಪುಡಿ ಕಟ್ಟಿದೆ ಎಂದೂ ಬರೆದೆ. ಅದನ್ನು ಒರೆಸಬೇಡಿ, ಹದವಾಗಿ ಹಳೆಯದಾದ ಗುರುತೇ ಅದು ಎಂದು ಉತ್ತರ ಬಂತು.

ಸಿಗಾರು ಮಾರಿ ಫೀ ಕಟ್ಟಿಬಿಟ್ಟರೆ ಧಾರವಾಡಕ್ಕೆ ಎಂ.ಎ. ಓದಲು ಹೋಗುವುದನ್ನು ಅಪ್ಪ ತಡೆಯಲಾರ ಎಂದುಕೊಂಡಿದ್ದೆ. ಡೈರಿಗಲ್ಲದೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾಳಿಗೆಗೆ ಓಡಿದೆ. ವರ್ಷದ ಖಾರಪುಡಿಗೆ ಹರವಿದ ಮೆಣಸಿನಕಾಯಿಯ ನಡುವೆ ಇಪ್ಪತ್ತೈದೂ ಸಾಲಾಗಿ ಮಲಗಿದ್ದವು. ಬೆಳ್ಳಗಿನದು ಒಂಚೂರೂ ಉಳಿದಿರಲಿಲ್ಲ. ಅಜ್ಜಿ ನೀಲಗಂಗವ್ವ ಪಕ್ಕದಲ್ಲೇ ತೊಟ್ಟು ಮುರಿಯುತ್ತಿದ್ದಳು.

"ಬೂಷ್ಟು ಹತ್ತಿತ್ತವಾ. ಅರಿವಿಲೆ ಒರಸಿ ಹಾಕೇನಿ. ನಾಕ್ ದಿನದಾಗ ಹೆಂಗ ಗಲಗಲ ಅನ್ನಾಕತ್ತಾವ ನೋಡು."

ಒಂದನ್ನು ಎತ್ತಿದೆ, ಹೊರಗಿನ ಎಲೆ ಬಿರಿದು ಕೈಗೇ ಬಂತು. ಯಾರೋ ನೋಡಲು ಬರುತ್ತಾರೆಂದೆ.

"ಚುಟ್ಟಾ ನೋಡಾಕೋ, ನಿನ್ನ ನೋಡಾಕೋ?" ಎಂದಳು. ನನ್ನ ಮುಖ ಕಂಡು, ಮಾರ್ಕೆಟ್ಟಿನವರು ಮಾಡುವುದನ್ನೇ ಮಾಡಿದಳು. ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು ಅವರು ನೀರು ಚಿಮುಕಿಸುತ್ತಾರೆ. ಅಜ್ಜಿ ಸಿಗಾರಿಗೂ ಚಿಮುಕಿಸಿ ಒದ್ದೆ ಅರಿವೆ ಮುಚ್ಚಿದಳು. ನಾನು ತಡೆಯಲಿಲ್ಲ. ಮೆತ್ತಗಾದ ಮೇಲೆ ಅವಳೇ ಪೆಟ್ಟಿಗೆಗೆ ತುಂಬಿದಳು, ಎಲೆ ಬಿರಿದದ್ದನ್ನು ಅಡಿಗೆ. ನಾಲ್ಕು ಸಲ ಬಾಗಿಲಿಗೆ ಹೋದೆ, ನಾಲ್ಕು ಸಲ ಒಳಗೆ ಬಂದೆ.

ಹಜರತಅಲಿಯವರು ಬಂದು, ಚಹಾ ಬದಿಗಿಟ್ಟು, ಒಂದನ್ನು ಬೆರಳಲ್ಲಿ ಒತ್ತಿ ಮೂಗಿಗೆ ಹಿಡಿದರು. ಮೂರು ಸಲ ಸೀನಿದರು. ಈ ಊರಿಗೆ ಬಂದವರೆಲ್ಲ ಸೀನುತ್ತಾರೆಂದು ಅಜ್ಜಿ ಸಮಾಧಾನ ಹೇಳಿದಳು. ಹದ ಒಪ್ಪಿಗೆಯಾಯಿತು. ಬಿಳಿ ಪುಡಿ ಎಲ್ಲಿ ಎಂದು ಕೇಳಿದರು. ಹಳೇ ಮಾಲು, ಉದುರಿರಬೇಕೆಂದಳು ಅಜ್ಜಿ. ಅವರು ತಲೆಯಾಡಿಸಿ ಪೆಟ್ಟಿಗೆಗೆ ಮೆತ್ತನೆಯ ಬಟ್ಟೆ ಸುತ್ತತೊಡಗಿದರು. ಮಗುವಿಗೆ ಸುತ್ತಿದ ಹಾಗೆ.

"ಕಾಕಾರ," ಎಂದೆ. ನನ್ನ ದನಿ ನನಗೇ ಹೊಸದೆನಿಸಿತು. "ಒರಸಿ ನಾಕ್ ದಿನಾ ಬಿಸಲಿಗೆ ಹಾಕಿದ್ವಿರಿ. ಈ ಹದಾ ಮುಂಜಾನಿ ನೀರು ಹೊಡದದ್ದು."

ಅವರ ಕೈ ನಿಂತಿತು. ಬಟ್ಟೆ ಬಿಚ್ಚಿ, ಮಡಿಚಿ ಕಿಸೆಗಿಟ್ಟರು.

"ಮುಂದಿನ ವಾರಕ್ಕ ಖರೇ ಬೂಷ್ಟು ಹಿಡೀತಿತ್ತು, ತಂಗೆವ್ವ. ನನ್ನ ಕಡೆ ಇರೂ ಬಾಜೂಕಿನ ಪೆಟಿಗಿಗೂ ಹತ್ತತಿತ್ತು. ಹೇಳಿದ್ದು ಚಲೋ ಆತು."

ಆರಿದ ಚಹಾ ಕುಡಿದು, ಬರಿಗೈಯಲ್ಲಿ ಹೋದರು.

"ಮಾರಿ ಏನ್ ಮಾಡಾಕಿ ಇದ್ದಿ?" ಅಜ್ಜಿ ಕೇಳಿದಳು.

"ಧಾರವಾಡಕ್ಕ ಹೋಗಾಕಿ. ಎಂ.ಎ. ಕಲಿಯಾಕ."

"ನಿಮ್ಮಪ್ಪಗ ಹೇಳಿಯೇನು?"

ಇಲ್ಲವೆಂದೆ. ಅವಳು ಪೆಟ್ಟಿಗೆ ಎತ್ತಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದಳು; ತೊಯ್ದಿದ್ದವಲ್ಲ, ಮತ್ತೆ ಹರವಬೇಕಿತ್ತು. ಅರ್ಧದಲ್ಲಿ ತಿರುಗಿ ನಿಂತಳು.

"ಅಂವ ಊಟಕ್ಕ ಬರತಾನ. ನಾ ಇವನ್ನ ಹರವಿ ಬರೂದ್ರಾಗ ಮಾತು ಕೂಡಿಸಿಟ್ಕೋ."

ಡೈರಿ ತೆಗೆದು ಎರಡು ಸಾಲು ಬರೆದೆ, ಹೊಡೆದುಹಾಕಿದೆ. ಓಣಿಯ ತಿರುವಿನಲ್ಲಿ ಅಪ್ಪನ ಸ್ಕೂಟರಿನ ಸದ್ದು ಕೇಳಿತು. ಡೈರಿ ಮುಚ್ಚಿ ಬಾಗಿಲಿಗೆ ಹೋಗಿ ನಿಂತೆ.