ನಡುವೆ ನಿಂತ ಕೆನೆ

ಮತ್ತೆ ಕೆನೆ, ತೊಟ್ಟಿಯಿಂದ ತುಂಬಿ ತಂದ ಬಾಟಲಿ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟು ಎಷ್ಟು ಹೊತ್ತಾಯಿತು, ಕೆಳಗೆ ಹಸಿರು ನೀರು ನಿಂತಿದೆ, ಮೇಲೆ ನೀಲಿ ಎಣ್ಣೆ ತೇಲಿದೆ, ಎರಡರ ನಡುವೆ ಕೂದಲೆಳೆಯಂಥ ಗೆರೆ ಮೂಡಬೇಕಾದ ಕಡೆ ಕಂದು ಕೆನೆ, ಬೆರಳಿನಷ್ಟು ದಪ್ಪ, ಅತ್ತ ನೀರೂ ಅಲ್ಲ ಇತ್ತ ಎಣ್ಣೆಯೂ ಅಲ್ಲ — ಅವಳು ಬೆಳಕಿಗೆ ಹಿಡಿದಳು, ಹಿಡಿದರೆ ಹೋಗುವುದೇ, ಸೂಪರ್‌ವೈಸರ್ ನಿನ್ನೆಯೇ ಎಲ್ಲರೆದುರು ಹೇಳಿದ್ದಾರೆ, ಏನಮ್ಮಾ ಮೂಕಿ, ತೊಟ್ಟಿಗೆ ಏನು ಬೀಳಿಸ್ತಿದ್ದೀಯ, ನಿನ್ನ ಪಾಳಿಲೇ ಯಾಕೆ ಹೀಗೆ, ಬಾಯಿ ಬಿಡದಿದ್ರೆ ನಾಳೆಯಿಂದ ಬರಬೇಡ. ನಿನ್ನ ಪಾಳಿ ಎಂದರೆ ಭಾವನ ಪಾಳಿಯೂ ಹೌದು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಭಾವ, ಅಕ್ಕನ ಗಂಡ, ಶಾಲೆ ಬಿಟ್ಟು ಮನೆಯ ಮೂಲೆ ಹಿಡಿದಿದ್ದವಳನ್ನು ಇಲ್ಲಿಗೆ ಸೇರಿಸಿದವನು ಅವನೇ, ಮೊದಲ ದಿನ ತೊಟ್ಟಿಗಳ ಸಾಲಿನ ಪಕ್ಕ ನಿಲ್ಲಿಸಿ ಹೇಳಿಕೊಟ್ಟವನೂ ಅವನೇ — ನೋಡು, ಹಸಿರು ನೀರಲ್ಲಿರೋದು ನಿಕ್ಕಲ್, ಕರೆಂಟ್ ಗಾಡಿ ಬ್ಯಾಟರಿಗೆ ಹೋಗೋದು, ಅದಕ್ಕೆ ಅಂಟಿಕೊಂಡಿರೋ ಕೋಬಾಲ್ಟನ್ನ ಎಣ್ಣೆ ಎಳ್ಕೊಂಡು ನೀಲಿ ಆಗುತ್ತೆ, ಅತ್ತೆ ಸೊಸೆ ಇದ್ದ ಹಾಗೆ ಕಣೇ, ಕುಲುಕಿದ್ರೆ ಒಂದಾಗಬೇಕು, ಬಿಟ್ರೆ ಬೇರೆಯಾಗಬೇಕು, ಸೋಪು ಮಾತ್ರ ಒಳಗೆ ತರಬಾರದು, ನೆಲಕ್ಕೆ ಚೆಲ್ಲಿದ್ದೂ ಆ ಗುಂಡಿಗೆ ಇಳಿದು, ಬೆಳಿಗ್ಗೆ ಪಂಪು ಹಾಕಿದಾಗ ವಾಪಸ್ ತೊಟ್ಟಿಗೇ ಬರುತ್ತೆ, ಸೋಪು ಸೇರಿದ್ರೆ ಎರಡೂ ಬೇರೆಯಾಗೋದೇ ಇಲ್ಲ. ಅವನದೇ ಮಾತು. ಮರೆತನೇ, ಮರೆಯುವ ಆಸಾಮಿಯೇ ಅವನು — ಅಕ್ಕ ಮೊನ್ನೆ ಅವನ ಅಂಗಿಯನ್ನು ಮೂಗಿಗೆ ಹಿಡಿದು ನಿಂತಿದ್ದಳು, ಮೊದಲೆಲ್ಲ ಬಾಗಿಲಲ್ಲೇ ಸೀಮೆಎಣ್ಣೆ ನಾತ, ಈಗ ನೋಡೇ, ನಿಂಬೆ ಸೋಪು, ನಮ್ಮನೇಲಿ ಆ ಸೋಪೇ ಇಲ್ಲ, ಯಾವಳೋ ಇದ್ದಾಳೆ ಕಣೇ, ನಾಲ್ಕು ಜನರೆದುರು ನಿಂಗೆ ಮಾತು ಹೊರಡದಿದ್ರೂ ಕಣ್ಣಿದೆಯಲ್ಲ, ಸ್ವಲ್ಪ ನೋಡು. ನೋಡಿದಳು. ಕ್ಯಾಂಟೀನಿನವಳ ಕಡೆ ಅವನು ತಲೆ ಎತ್ತುವುದಿಲ್ಲ, ಗೇಟಿನವಳಿಗೆ ಮೀಸೆ ಬಂದಿದೆ, ಯಾವಳೂ ಇಲ್ಲ, ಕಂಡದ್ದು ಇಷ್ಟೇ, ಪಾಳಿ ಮುಗಿಯುವಾಗ ಭಾವ ಎಲ್ಲರಂತೆ ಹೊರಗಿನ ಬಚ್ಚಲಿಗೆ ಹೋಗದೆ ಕೊನೆಯ ತೊಟ್ಟಿಯ ಹಿಂದಿನ ನಲ್ಲಿಗೆ ಹೋಗುತ್ತಾನೆ, ಪ್ಯಾಂಟಿನ ಜೇಬು ಉಬ್ಬಿರುತ್ತದೆ, ನಲ್ಲಿಯ ಕೆಳಗೇ ಗುಂಡಿಯ ಜಾಲರಿ, ನಿನ್ನೆ ಬಗ್ಗಿ ಮೂಸಿದಾಗ ಜಾಲರಿಯೆಲ್ಲ ನಿಂಬೆ. ಬಚ್ಚಲಿನ ಸಾಲಿನಲ್ಲಿ ನಿಂತರೆ ಮೊದಲ ಬಸ್ಸು ತಪ್ಪುತ್ತದೆ, ಮನೆ ಸೇರುವಷ್ಟರಲ್ಲಿ ಮಗು ಮಲಗಿರುತ್ತದೆ — ಮಗು, ಹೌದು, ಎಣ್ಣೆಯ ನಾತಕ್ಕೆ ಮುಖ ತಿರುಗಿಸಿ ಚೀರುತ್ತಿದ್ದ ಹೆಣ್ಣುಮಗು ಈಗ ಅವನ ಎದೆಯ ಮೇಲೇ ನಿದ್ದೆಹೋಗುತ್ತದೆ, ಅಕ್ಕಾ, ನಿನ್ನ ಸವತಿ ತೊಟ್ಟಿಲಲ್ಲೇ ಇದ್ದಾಳೆ, ಹೀಗೆಂದು ನಗಿಸಬಹುದಿತ್ತು, ಪಾಪ ಭಾವ ಎನ್ನಬಹುದಿತ್ತು, ಗೊತ್ತಿದ್ದೂ ಮಾಡುತ್ತಿದ್ದರೂ ಪಾಪವೇ? ಹೇಳಿದರೆ ಅವನ ಕೆಲಸ ಹೋಗುತ್ತದೆ, ಅಕ್ಕನ ಒಲೆ ಆರುತ್ತದೆ, ಹೇಳದಿದ್ದರೆ ತನಗೆ ಮತ್ತೆ ಅದೇ ಮೂಲೆ, ಅವನಿಗೆ ಗೊತ್ತಿಲ್ಲದೆಯೂ ಇರಬಹುದು, ಮರೆತಿರಬಹುದು, ಮರೆತಿದ್ದರೆ ಚೆನ್ನ —

ಬಂದೇಬಿಟ್ಟರು, ಸೂಪರ್‌ವೈಸರ್ ಮುಂದೆ, ಭಾವ ಹಿಂದೆ, ಬಾಟಲಿ ಅವಳ ಕೈಯಿಂದ ಅವರ ಕೈಗೆ ಹೋಯಿತು, ಕೆನೆ ಅಲುಗಿತು, ಒಡೆಯಲಿಲ್ಲ. ಈಗಲಾದ್ರೂ ಹೇಳ್ತೀಯೋ ಇಲ್ವೋ. ಅಷ್ಟರಲ್ಲಿ ಭಾವ ನಗುತ್ತ, ಅವಳ ಕಡೆ ನೋಡದೆ, ಬಿಡಿ ಸಾರ್, ಹೊಸ ಹುಡುಗಿ, ಬಾಟ್ಲಿ ಸೋಪಲ್ಲಿ ತೊಳೆದು ಇಲ್ಲೇ ಚೆಲ್ಲಿರ್ತಾಳೆ, ಮನೇಲೂ ಹೀಗೇ. ಸೋಪು. ಸೋಪು ಎಂದವನು ಅವನು, ಈ ಕೆನೆಗೆ ಕಾರಣವೆಂದು ಇಷ್ಟು ದಿನ ಯಾರ ಬಾಯಲ್ಲೂ ಬರದ ಹೆಸರು, ಕುಂಬಳಕಾಯಿಯ ಮಾತು ಏಳುವ ಮೊದಲೇ ಹೆಗಲು ಮುಟ್ಟಿಕೊಂಡನಲ್ಲ, ಗೊತ್ತು, ಮೊದಲಿನಿಂದಲೂ ಗೊತ್ತು, ಬಾಯಿ ಬಿಡದ ಅವಳನ್ನು ತಂದು ನಿಲ್ಲಿಸಿದ್ದೂ ಇದಕ್ಕೇ ಏನೋ — ಭಾವ, ಜೇಬಲ್ಲಿರೋದನ್ನ ಸಾರ್‌ಗೆ ತೋರಿಸಿ. ಯಾರ ದನಿ, ಮೋಟಾರುಗಳ ಸದ್ದಿನ ಮೇಲೆ ಇಷ್ಟು ದೊಡ್ಡದಾಗಿ, ತನ್ನದೇ, ಭಾವನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು, ಅಲ್ಲೇ ನಿಂತಿತು, ಈಗ ಅಕ್ಕ, ಈಗ ಮಗು, ಅವಳು ಅವನ ಮುಖ ನೋಡಲಾರಳು, ಬಾಟಲಿಯನ್ನು ನೋಡುತ್ತಾಳೆ, ಕೆಳಗೆ ಹಸಿರು, ಮೇಲೆ ನೀಲಿ, ನಡುವೆ ಕೆನೆ, ಬೆರಳಿನಷ್ಟು ದಪ್ಪ, ಕೆನೆ