ಎದ್ದು ನಿಂತ ಡಿಸ್ಕು

"ಅಂತೂ ಎದ್ತಲ್ಲ ಮಾರಾಯ್ತಿ!" ಎಂದು ನಾಗರಾಜ ಕೈ ತಟ್ಟಿದಾಗ ಸುಚಿತಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವನ ಹೊನ್ನಾವರದ ಸೆಂಟರಿನ ಎಂಟೂ ಕಂಪ್ಯೂಟರುಗಳಿಗೆ ಇಂಟರ್‌ನೆಟ್ ಹಂಚುತ್ತಿದ್ದುದು ಒಂದೇ ಲಿನಕ್ಸ್ ಯಂತ್ರ. ಅದರ ಡಿಸ್ಕು ಕಟಕಟ ಎನ್ನತೊಡಗಿ ವಾರವಾಗಿತ್ತು. ಅದರಲ್ಲಿದ್ದುದನ್ನೆಲ್ಲ ಸೆಂಟರಿನಲ್ಲಿ ಕೆಲಸಕ್ಕಿದ್ದ ಅವಳು ಎರಡು ದಿನ ಕೂತು ಹೊಸ ಡಿಸ್ಕಿಗೆ ಇಳಿಸಿದ್ದಳು. ಕೆಲಸ ಸರಿಯಾದರೆ ಕುಮಟೆಯ ಹೊಸ ಸೆಂಟರು ಅವಳ ಕೈಗೆ ಎಂದು ಅವನು ಎಲ್ಲರೆದುರು ಹೇಳಿದ್ದ. ಹೊಳೆಯಾಚೆಯ ಕಾಸರಕೋಡಿನಲ್ಲಿ ಮೀನು ಮಾರುವ ಅವಳ ಅವ್ವ ಸುಬ್ಬಿ ಅದನ್ನು ಆಗಲೇ ಊರಿಗೆಲ್ಲ ಸಾರಿದ್ದಳು.

ಆಯುಧಪೂಜೆಗೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಒಳಗೂ ಕುಂಕುಮ ಹಚ್ಚುವ ಭಕ್ತ ನಾಗರಾಜ. ಹಳೆಯ ಡಿಸ್ಕನ್ನು ಕಳಚಿ, ಹೂವಿನ ಜೊತೆ ಕಟ್ಟಿ, ಸೆಂಟರಿನ ಆಳು ಮಂಜನಿಗೆ ಕೊಟ್ಟ. "ಹೊಳೆಗೆ ಬಿಟ್ಟು ಬಾ."

"ಸರ್, ಒಂದು ವಾರ ಇರ್ಲಿ..." ಎಂದಳು ಸುಚಿತಾ.

"ಪೂಜೆ ಮಾಡಿದ್ದನ್ನ ಕಸದ ಸಂಗ್ತಿಗೆ ಇಡೂಕಾತದ್ಯ?"

ಮರುದಿನ ಬೆಳಿಗ್ಗೆ ಕುಮಟೆಯ ಪಾಲುದಾರರ ಎದುರು ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲು. ಸುಚಿತಾಳಿಗೆ ತಕ್ಷಣ ಹೊಳೆಯಿತು. ಹಿಂದಿನ ದಿನ ಪರೀಕ್ಷಿಸಿದಾಗ ಎರಡೂ ಡಿಸ್ಕು ಒಳಗಿದ್ದವು. ಯಂತ್ರವನ್ನು ಎಬ್ಬಿಸುವ ಲೈಲೋ ಎಂಬ ಪುಟ್ಟ ಪ್ರೋಗ್ರಾಮು ಹಳೆಯದರ ತಲೆಯಲ್ಲೇ ಕೂತಿತ್ತು, ಹೊಸದಕ್ಕೆ ಬಂದಿರಲಿಲ್ಲ. ಅದೀಗ ಶರಾವತಿಯ ತಳದಲ್ಲಿದೆ.

"ಐದು ನಿಮಿಷ ಸರ್. ಎಲ್ಲಾ ಇದರಲ್ಲೇ ಇದೆ. ಫ್ಲಾಪಿ ಹಾಕಿ ಎಬ್ಬಿಸಿದ್ರೆ..."

"ಎಲ್ಲಾ ಹೊಳೆ ಪಾಲು ಮಾಡಿ ಈಗ ಫ್ಲಾಪಿಯಂತೆ! ಮೀನು ಬುಟ್ಟಿ ಹೊರೂ ಜನಕ್ಕೆ ಇದೆಲ್ಲ ಎಂತಕ್ಕೆ? ಹೋಗು ಮನಿಗೆ," ಎಂದ ನಾಗರಾಜ. ಪಾಲುದಾರರು ನಕ್ಕರು. ಹೊಳೆಗೆ ಹಾಕಿಸಿದ್ದು ಯಾರು ಎಂದು ಕೇಳುವ ಬಾಯಿ ಅಲ್ಲಿ ಯಾರಿಗೂ ಇರಲಿಲ್ಲ, ಅವಳಿಗೂ.

ಮಧ್ಯಾಹ್ನ ಕಾಸರಕೋಡಿನ ಕುಪ್ಪನ ಅಂಗಡಿಗೆ ಸುಚಿತಾಳನ್ನು ಕೇಳಿ ಫೋನು ಬಂತು. ಸೆಂಟರಿನಿಂದ ನಾಗರಾಜನ ಅಕ್ಕನ ಮಗ ಸಂತೋಷ. "ಅಕ್ಕಾ, ಮಾವ ಪಾಲುದಾರರ ಸಂಗ್ತಿಗೆ ಊಟಕ್ಕೆ ಹೋಗಿದಾರೆ. ಯಾವ ಫ್ಲಾಪಿ ಹೇಳಿದ್ದು ನೀನು?"

ಯಂತ್ರ ಎದ್ದರೆ ತನ್ನನ್ನು ಕರೆಸಿಯೇ ಕರೆಸುತ್ತಾರೆ ಎಂಬ ಆಸೆ ಅವಳಿಗೆ. ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಕೊನೆಗೆ, "ಲೈಲೋ ಅಂತ ಬರಿ, ಎಂಟರ್ ಒತ್ತು. ಈಗ ಫ್ಲಾಪಿ ತೆಗೆದು ಬಂದ್ ಮಾಡಿ ಶುರು ಮಾಡು."

ಆ ಕಡೆ ಬಾಗಿಲು ತೆರೆದ ಸದ್ದು, ಹಿಂದೆಯೇ ಚಪ್ಪಾಳೆ. "ನೋಡಿ, ನಮ್ಮ ಹುಡ್ಗ!" ನಾಗರಾಜನ ದನಿ. "ಊಟ ಮುಗ್ಸಿ ಬರೂದ್ರೊಳಗೆ ಎಬ್ಸಿಟ್ಟ. ಕುಮಟೆ ಇವ್ನಿಗೇ. ಯಾರದು ಫೋನು?"

"ಯಾರದೂ ಅಲ್ಲ ಮಾವ." ಫೋನು ಕಟ್ಟಾಯಿತು.

ಅಂಗಡಿಯ ಬಾಗಿಲಲ್ಲಿ ಸುಬ್ಬಿ ಖಾಲಿ ಬುಟ್ಟಿ ಇಳಿಸಿದಳು. ಮುಖದ ತುಂಬ ನಗು. "ಸೆಂಟರಿಂದ್ಲೆ ಅಲ್ದಾ? ಯಾವಾಗ ಬರೂಕೆ ಹೇಳಿದ್ರು?"

ಸುಚಿತಾ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಅವ್ವನಿಗೆ ತಡೆ ಎಂದು ಕೈಸನ್ನೆ ಮಾಡಿ, "ಹೂಂ... ಹೂಂ..." ಎನ್ನುತ್ತ ನಿಂತಳು.